ಹಗಲುಗನಸು ಅಂತ ಬೈಯುವ ಮುಂಚೆ

ಚುನಾವಣೆ ಹತ್ತಿರ ಬಂತೆಂದರೆ ಕನ್ನಡ ಪತ್ರಿಕೆಗಳಲ್ಲಿ ಒಂದು ಪದಕ್ಕೆ ಭಾರಿ ಬೇಡಿಕೆ. 'ಅಧಿಕಾರಕ್ಕೆ ಬರುತ್ತೇವೆಂದು ಅವರು ಹಗಲುಗನಸು ಕಾಣುತ್ತಿದ್ದಾರೆ' ಎಂದು ಒಬ್ಬರು ಸುದ್ದಿಗೋಷ್ಠಿಯಲ್ಲಿ ಹೇಳುತ್ತಾರೆ. ಮಾರನೇ ದಿನ ಆ ಕಡೆಯವರು ಅದೇ ಮಾತನ್ನು ತಿರುಗಿಸಿ ಎಸೆಯುತ್ತಾರೆ. ಪಕ್ಷ ಬದಲಾಗುತ್ತದೆ, ಜಿಲ್ಲೆ ಬದಲಾಗುತ್ತದೆ, ವಾಕ್ಯ ಮಾತ್ರ ಅದೇ. ಫಲಿತಾಂಶ ಬಂದ ಮೇಲೆ ಯಾರ ಕನಸು ಹಗಲಿನದ್ದು, ಯಾರದ್ದು ರಾತ್ರಿಯದ್ದು ಎಂದು ಯಾರೂ ತಿರುಗಿ ನೋಡುವುದಿಲ್ಲ ಬಿಡಿ.

ಗಮನಿಸಿ ನೋಡಿ, ಈ ಪದವನ್ನು ನಾವು ನಮ್ಮ ಬಗ್ಗೆ ಬಳಸುವುದು ಬಹಳ ಕಡಿಮೆ. ನನ್ನದಾದರೆ ಆಸೆ, ಗುರಿ, ಪ್ಲಾನ್. ನಿನ್ನದಾದರೆ ಹಗಲುಗನಸು. ಎಚ್ಚರ ಇರುವಾಗಲೇ ಮನಸ್ಸಿನಲ್ಲಿ ಕಟ್ಟಿಕೊಳ್ಳುವ ಚಿತ್ರ ಎನ್ನುವುದು ಪದದ ನೇರ ಅರ್ಥ. ಬಳಕೆಯಲ್ಲಿ ಉಳಿದಿರುವುದು 'ಆಗದ ಹೋಗದ ಆಸೆ' ಅನ್ನುವ ಅರ್ಥ. ಎರಡನೆಯದು ಮೊದಲನೆಯದನ್ನು ಹೆಚ್ಚುಕಡಿಮೆ ನುಂಗಿಹಾಕಿದೆ. ಅದಕ್ಕೇ ಶಾಲೆಯ ಗೋಡೆಯ ಮೇಲೆ ಅಬ್ದುಲ್ ಕಲಾಂ ಅವರ ಚಿತ್ರದ ಕೆಳಗೆ 'ಕನಸು ಕಾಣಿ' ಎಂದು ಬರೆಸುತ್ತೇವೆ, ಅದೇ ಗೋಡೆ ಪಕ್ಕ ಕೂತ ಹುಡುಗ ಕಿಟಕಿ ಕಡೆ ತಿರುಗಿದರೆ 'ಹಗಲಲ್ಲೇ ಕನಸು ಕಾಣ್ತಿದೀಯಾ' ಎಂದು ಗದರುತ್ತೇವೆ.

ಹಾಗಂತ ಕನ್ನಡದಲ್ಲಿ ಈ ಸ್ಥಿತಿಗೆ ಬೈಗುಳ ಮಾತ್ರ ಇದೆ ಅಂತಲ್ಲ. 'ಯಾವುದೋ ಗುಂಗಿನಲ್ಲಿದ್ದ, ಕರೆದಿದ್ದು ಕೇಳಿಸಲಿಲ್ಲ' ಅನ್ನುತ್ತೇವೆ. ಅದರಲ್ಲಿ ಕೋಪ ಇಲ್ಲ. 'ಒಳ್ಳೆ ಲಹರಿಯಲ್ಲಿದ್ದಾರೆ' ಎಂದರೆ ಮೆಚ್ಚುಗೆಯೇ. ಕವಿ ಗುಂಗಿನಲ್ಲಿರಬಹುದು, ಹಾಡುಗಾರ ಲಹರಿಯಲ್ಲಿರಬಹುದು, ಹತ್ತನೇ ಕ್ಲಾಸಿನ ಹುಡುಗಿ ಮಾತ್ರ ಹಗಲುಗನಸು ಕಾಣುತ್ತಾಳೆ. ಮಾಡುತ್ತಿರುವ ಕೆಲಸ ಒಂದೇ. ಹೆಸರು ಇಡುವವರು ಅವರ ಸ್ಥಾನ ನೋಡಿ ಇಡುತ್ತಾರೆ.

ಉತ್ತರ ಕರ್ನಾಟಕದ ಕಡೆಯ ಮಾತು ಇನ್ನೂ ಚೆಂದ: ಮನಸ್ಸಿನಲ್ಲೇ ಮಂಡಿಗೆ ತಿನ್ನುವುದು. ಬೆಳಗಾವಿಯ ಮಂಡಿಗೆ ಮಾಡುವುದನ್ನು ನೋಡಿದವರಿಗೆ ಇದರ ಚುರುಕು ಗೊತ್ತಾಗುತ್ತದೆ. ಮೈದಾ, ಚಿರೋಟಿ ರವೆಯ ಕಣಕವನ್ನು ಚೆನ್ನಾಗಿ ನಾದಿ, ಒಳಗೆ ಸಕ್ಕರೆ ಪುಡಿಯ ಹೂರಣ ತುಂಬಿ, ಎರಡೂ ಕೈ ಮೇಲೆ ಎಳೆದು ಎಳೆದು ಬಟ್ಟೆಯಷ್ಟು ತೆಳ್ಳಗೆ ಮಾಡಬೇಕು. ಬೋರಲು ಹಾಕಿದ ಕಾದ ಬಾಣಲೆಯ ಮೇಲೆ ಹರಡಿ, ಗರಿಗರಿಯಾಗುವ ಮುಂಚೆ ಕರವಸ್ತ್ರದ ಹಾಗೆ ಮಡಚಬೇಕು. ಸ್ವಲ್ಪ ತಡವಾದರೆ ಮುರಿಯುತ್ತದೆ, ಸ್ವಲ್ಪ ಬೇಗ ಮಡಚಿದರೆ ಮೆತ್ತಗಾಗುತ್ತದೆ. ಕೈ ಪಳಗಿದವರಿಗೂ ಸುಲಭದ ಕೆಲಸ ಅಲ್ಲ. ಹಾಗಾಗಿ ಗಾದೆ ಮಂಡಿಗೆಯನ್ನೇ ಹಿಡಿದಿದೆ, ಅನ್ನ ಸಾರನ್ನು ಹಿಡಿದಿಲ್ಲ. ಶ್ರಮ ಪಡದೆ ರುಚಿಯನ್ನು ಮಾತ್ರ ಅನುಭವಿಸುವ ಚಾಳಿಯನ್ನು ಅದು ಕುಟುಕುತ್ತದೆ. ಮಂಡಿಗೆಯ ಆಸೆ ಇದ್ದರೆ ಅದಕ್ಕೇನೂ ಬೇಜಾರಿಲ್ಲ. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

ಪಂಚತಂತ್ರದ ಸೋಮಶರ್ಮನ ತಂದೆಯ ಕಥೆಯೂ ಇದೇ ಜಾತಿಯದ್ದು. ಗೂಟಕ್ಕೆ ತೂಗುಹಾಕಿದ ಹಿಟ್ಟಿನ ಮಡಕೆಯ ಕೆಳಗೆ ಮಂಚ ಹಾಕಿಕೊಂಡು ಮಲಗಿದ ಬಡ ಬ್ರಾಹ್ಮಣ. ಬರಗಾಲ ಬಂದರೆ ಹಿಟ್ಟಿಗೆ ಒಳ್ಳೆ ಬೆಲೆ, ಆ ದುಡ್ಡಿನಲ್ಲಿ ಎರಡು ಆಡು, ಆಡಿನಿಂದ ಹಸು, ಎಮ್ಮೆ, ಕುದುರೆ, ಚಿನ್ನ, ದೊಡ್ಡ ಮನೆ, ಮದುವೆ, ಮಗ. ಮಗನಿಗೆ ಸೋಮಶರ್ಮ ಎಂದು ಹೆಸರೂ ಆಯಿತು. ಮಗು ಕುದುರೆ ಕಾಲ ಹತ್ತಿರ ಹೋಯಿತು, ಹೆಂಡತಿ ನೋಡಿಕೊಳ್ಳಲಿಲ್ಲ, ಸಿಟ್ಟಿನಿಂದ ಒದ್ದ. ಮಡಕೆ ಒಡೆದು ಹಿಟ್ಟೆಲ್ಲ ಮೈಮೇಲೆ. ನಮಗೆ ಇದನ್ನು ಸೋಮಾರಿತನದ ಪಾಠವಾಗಿ ಹೇಳಿಕೊಟ್ಟರು. ಆದರೆ ಅವನ ಲೆಕ್ಕದಲ್ಲಿ ಅಂಥ ತಪ್ಪೇನೂ ಕಾಣುವುದಿಲ್ಲ. ಆಡಿನಿಂದ ಹಸುವಿಗೆ ಹೋಗುವುದು ಇವತ್ತಿಗೂ ನಡೆಯುವ ಸಂಸಾರದ ಲೆಕ್ಕವೇ. ಕಾಲು ಕನಸಿನ ಮಾತು ಕೇಳಿತು, ಅದೇ ಎಡವಟ್ಟು. (ಹುಟ್ಟದ ಮಗನಿಗಾಗಿ, ಮದುವೆಯೇ ಆಗದ ಹೆಂಡತಿಗೆ ಒದೆಯುವ ಗಂಡಸಿನ ಬಗ್ಗೆ ಪಾಠದಲ್ಲಿ ಯಾರೂ ಏನೂ ಹೇಳಲಿಲ್ಲ.)

ನಮ್ಮ ಹಳಬರಲ್ಲಿ ಇದನ್ನು ಜಾಸ್ತಿ ನಿಖರವಾಗಿ ಬಿಡಿಸಿ ನೋಡಿದವರು 14ನೇ ಶತಮಾನದ ವಿದ್ಯಾರಣ್ಯರು, ಶೃಂಗೇರಿಯವರು. ಅವರ ಹೆಸರಿನಲ್ಲಿರುವ ಪಂಚದಶಿಯಲ್ಲಿ ಹಗಲುಗನಸಿಗೆ 'ಮನೋರಾಜ್ಯ' ಎಂಬ ಹೆಸರಿದೆ. ಕಾಮ ಕ್ರೋಧಗಳನ್ನು 'ತೀವ್ರ' ಎಂದೂ, ಮನೋರಾಜ್ಯವನ್ನು 'ಮಂದ' ಎಂದೂ ಅಲ್ಲಿ ಬೇರೆ ಮಾಡಿದ್ದಾರೆ. ಆಮೇಲೆ ನೀವೂ ನಾವೂ ಕೇಳಬಹುದಾದ ಪ್ರಶ್ನೆಯನ್ನೇ ಎತ್ತುತ್ತಾರೆ: ಕಾಮಾದಿಗಳನ್ನು ಬಿಡೋಣ ಸರಿ, ಸುಮ್ನೆ ಮನಸ್ಸಿನಲ್ಲಿ ರಾಜ್ಯ ಕಟ್ಟಿಕೊಂಡರೆ ಏನು ನಷ್ಟ? ಎಲ್ಲ ದೋಷಕ್ಕೂ ಅದೇ ಬೀಜ ಎಂಬುದು ಉತ್ತರ. ಬೇಕಾದ್ದನ್ನು ಪದೇ ಪದೇ ನೆನೆಯುತ್ತಾ ಕೂತರೆ ಅಂಟು ಹುಟ್ಟುತ್ತದೆ ಎನ್ನುವ ಗೀತೆಯ ಮಾತನ್ನು ಅದಕ್ಕೆ ಆಧಾರವಾಗಿ ಕೊಡುತ್ತಾರೆ. ಸಂನ್ಯಾಸಿಗೆ ಹೇಳಿದ ಮಾತು ಅದು, ಸಂಸಾರಿಗೆ ಪೂರ್ತಿ ಒಪ್ಪಬೇಕಾಗಿಲ್ಲ. ಆದರೂ 'ಮಂದ' ಎಂದು ಬೇರೆ ಖಾನೆ ತೆಗೆದರಲ್ಲ, ಅಷ್ಟು ತಾಳ್ಮೆ ನಮ್ಮ ಈಗಿನ ಬಳಕೆಯಲ್ಲಿ ಇಲ್ಲ.

ಮನಶ್ಶಾಸ್ತ್ರಜ್ಞರು ಇದಕ್ಕೆ ಗಂಭೀರವಾಗಿ ಕೈಹಾಕಿದ್ದು ತಡವಾಗಿ. ಅಮೆರಿಕದ ಜೆರೋಮ್ ಸಿಂಗರ್ 1950ರ ದಶಕದಿಂದಲೇ ಇದರ ಹಿಂದೆ ಬಿದ್ದು, 1966ರಲ್ಲಿ ಹಗಲುಗನಸಿನ ಬಗ್ಗೆಯೇ ಒಂದು ಪುಸ್ತಕ ತಂದರು. ಅವರು ಮಾಡಿದ ದೊಡ್ಡ ಕೆಲಸ ಎಂದರೆ ಒಂದೇ ಹೆಸರಿನ ಕೆಳಗೆ ಕೂತಿದ್ದ ಮೂರು ಸಂಗತಿಗಳನ್ನು ಬಿಡಿಸಿದ್ದು. ಖುಷಿಯಿಂದ ಆಟದ ಹಾಗೆ ಕಲ್ಪನೆ ಕಟ್ಟುವುದು ಒಂದು. ತಪ್ಪಿತಸ್ಥ ಭಾವ, ಸೋಲಿನ ಭಯಗಳನ್ನೇ ಸುತ್ತುವುದು ಇನ್ನೊಂದು. ಯಾವುದರ ಮೇಲೂ ಗಮನ ನಿಲ್ಲದೆ ಮನಸ್ಸು ಜಾರುತ್ತಲೇ ಇರುವುದು ಮೂರನೆಯದು. ಹೊರಗಿನಿಂದ ನೋಡುವವರಿಗೆ ಮೂರೂ ಒಂದೇ: ಕಣ್ಣು ತೆರೆದಿದೆ, ಆಸಾಮಿ ಇಲ್ಲಿಲ್ಲ.

ಮಿದುಳಿನ ಕಡೆಯ ಸುದ್ದಿ ಬಂದದ್ದು ಹೆಚ್ಚುಕಡಿಮೆ ಆಕಸ್ಮಿಕವಾಗಿ. ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ ಏನಾದರೂ ಕೆಲಸ ಕೊಟ್ಟಾಗ ಮಿದುಳಿನ ಯಾವ ಭಾಗ ಚುರುಕಾಗುತ್ತದೆ ಎಂದು ನೋಡುವುದು ವಾಡಿಕೆ. ಹೋಲಿಸಿ ನೋಡಲು 'ಸುಮ್ನೆ ಮಲಗಿರಿ' ಎಂದೂ ಹೇಳುತ್ತಿದ್ದರು. ಕೆಲಸ ಕೊಟ್ಟ ತಕ್ಷಣ ಕೆಲವು ಭಾಗಗಳು ಮಂಕಾಗುತ್ತಿದ್ದವು. ಅಂದರೆ ಸುಮ್ಮನಿದ್ದಾಗ ಅವು ಏನೋ ಮಾಡುತ್ತಿದ್ದವು. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು 2001ರಲ್ಲಿ ಇದಕ್ಕೆ 'ಡಿಫಾಲ್ಟ್ ಮೋಡ್' (ಬೇರೆ ಕೆಲಸ ಇಲ್ಲದಾಗ ಮಿದುಳು ತಾನಾಗೇ ಮರಳುವ ಸ್ಥಿತಿ) ಎಂದು ಹೆಸರಿಟ್ಟರು. ನೆನಪು ಕೆದಕುವುದು, ನಾಳೆಯನ್ನು ಊಹಿಸುವುದು, ಇನ್ನೊಬ್ಬರು ಏನಂದುಕೊಂಡಿರಬಹುದು ಎಂದು ಲೆಕ್ಕ ಹಾಕುವುದು, ಇವೆಲ್ಲ ಆ ಭಾಗಗಳಿಗೆ ಸೇರಿದ ಕೆಲಸ. ಸುಮ್ಮನೆ ಕೂತವನ ತಲೆ ಖಾಲಿ ಎನ್ನುವ ಮಾತು ಅಲ್ಲಿಗೆ ಬಿದ್ದುಹೋಯಿತು.

2010ರಲ್ಲಿ ಹಾರ್ವರ್ಡ್‌ನ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಪ್ರಕಟಿಸಿದ ಅಧ್ಯಯನ ನೀವು ಎಲ್ಲಾದರೂ ಓದಿರುತ್ತೀರಿ. 2,250 ಜನರ ಫೋನಿಗೆ ಹೊತ್ತಲ್ಲದ ಹೊತ್ತಿನಲ್ಲಿ ಸಂದೇಶ ಕಳಿಸಿ, ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ, ಎಷ್ಟು ಖುಷಿಯಾಗಿದ್ದೀರಿ ಎಂದು ಕೇಳಿದರು. ಸುಮಾರು ಶೇ 47ರಷ್ಟು ಸಲ ಮನಸ್ಸು ಕೈಯಲ್ಲಿದ್ದ ಕೆಲಸದ ಮೇಲೆ ಇರಲಿಲ್ಲ. ಅಲೆದಾಡುವ ಮನಸ್ಸು ಖುಷಿಯಾಗಿರುವುದಿಲ್ಲ ಎಂಬ ತೀರ್ಮಾನ ದೊಡ್ಡ ಸುದ್ದಿಯಾಯಿತು. ನನಗೆ ಇದರಲ್ಲಿ ಒಂದು ತಕರಾರಿದೆ. ಅವರು ಅಳೆದದ್ದು ಮನಸ್ಸಿನ ಅಲೆದಾಟವನ್ನು. ಅದರಲ್ಲಿ ಮನೆ ಸಾಲದ ಕಂತಿನ ಯೋಚನೆಯೂ ಇದೆ, ಅತ್ತೆ ಆಡಿದ ಮಾತಿನ ಕೊರಗೂ ಇದೆ. ಕನ್ನಡದವರಿಗೆ ಅದು ಚಿಂತೆ. ಹಗಲುಗನಸಿನ ಲೆಕ್ಕಕ್ಕೆ ಯಾರೂ ಹಾಕುವುದಿಲ್ಲ. ಅದೇ ಅಧ್ಯಯನದಲ್ಲಿ, ಹಿತವಾದ ಯೋಚನೆಯಲ್ಲಿ ಅಲೆಯುತ್ತಿದ್ದವರ ಖುಷಿ ಕೆಲಸದಲ್ಲಿ ಮಗ್ನರಾದವರಿಗಿಂತ ಕಡಿಮೆಯೇನೂ ಇರಲಿಲ್ಲ. ಜಾಸ್ತಿಯೂ ಇರಲಿಲ್ಲ, ಅದನ್ನೂ ಹೇಳಬೇಕು.

ಇದರ ಎದುರು ದಿಕ್ಕಿನಲ್ಲಿ ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಇನ್ನೊಂದು ಮಾತಿದೆ: ಹಗಲುಗನಸು ಕಂಡರೆ ಸೃಜನಶೀಲತೆ ಹೆಚ್ಚುತ್ತದಂತೆ. ಅದರ ಹಿಂದೆ 2012ರ ಒಂದು ಪ್ರಯೋಗ ಇದೆ. ನಡುವೆ ಸುಲಭದ ಕೆಲಸ ಕೊಟ್ಟು ಮನಸ್ಸನ್ನು ಅಲೆಯಲು ಬಿಟ್ಟವರು, ಮೊದಲು ನೋಡಿದ್ದ ಸಮಸ್ಯೆಗೆ ಜಾಸ್ತಿ ಹೊಸ ಉತ್ತರ ಕೊಟ್ಟರು. ಆಮೇಲೆ ಬೇರೆಯವರು ಅದೇ ಪ್ರಯೋಗ ಮಾಡಿ ನೋಡಿದಾಗ ಆ ಫಲಿತಾಂಶ ಸಿಗಲಿಲ್ಲ. ಹಾಗಾಗಿ ಕನಸನ್ನು ಔಷಧಿ ಹಾಗೆ ಹೊಗಳುವವರನ್ನೂ ಸ್ವಲ್ಪ ದೂರ ಇಡುವುದೇ ವಾಸಿ.

ಹಾಗಾದರೆ ಬೈಗುಳದಲ್ಲಿ ಸತ್ಯ ಎಷ್ಟಿದೆ? ಅರ್ಧ ಇದೆ. ಅದನ್ನು ತೋರಿಸಿಕೊಟ್ಟವರು ಗೇಬ್ರಿಯೆಲೆ ಎಟ್ಟಿಂಗನ್, ಜರ್ಮನಿಯವರು, ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿ. 1991ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ತೂಕ ಇಳಿಸಲು ಹೊರಟ 25 ಮಹಿಳೆಯರಿದ್ದರು. 'ನನ್ನಿಂದ ಆಗುತ್ತದೆ' ಎಂಬ ನಂಬಿಕೆ ಇದ್ದವರು ಜಾಸ್ತಿ ತೂಕ ಇಳಿಸಿದರು. ತೆಳ್ಳಗಾದ ಮೇಲಿನ ದಿನಗಳನ್ನು ಸಿಹಿಸಿಹಿಯಾಗಿ ಕಲ್ಪಿಸಿಕೊಂಡವರು ಕಡಿಮೆ ಇಳಿಸಿದರು. ನಂಬಿಕೆ ಬೇರೆ, ಕಲ್ಪನೆ ಬೇರೆ. ಓದು ಮುಗಿಸಿ ಕೆಲಸ ಹುಡುಕುವವರಲ್ಲೂ ಇದೇ ಕಂಡಿತು. ಒಳ್ಳೆ ಕೆಲಸ ಸಿಕ್ಕಿದ ಹಾಗೆ ಮೇಲಿಂದ ಮೇಲೆ ಕನಸು ಕಂಡವರು ಕಡಿಮೆ ಅರ್ಜಿ ಹಾಕಿದ್ದರು, 2 ವರ್ಷದ ನಂತರ ಅವರ ಸಂಬಳವೂ ಕಡಿಮೆ ಇತ್ತು. ಮುಂದೆ ಬಿಪಿ ಅಳೆದು ನೋಡಿದಾಗ ಕಾರಣದ ಒಂದು ಸುಳಿವು ಸಿಕ್ಕಿತು. ಆಸೆ ಈಡೇರಿದ ಚಿತ್ರವನ್ನು ಮನಸ್ಸಿನಲ್ಲಿ ಬಿಡಿಸಿಕೊಂಡವರಲ್ಲಿ ಬಿಪಿಯ ಮೇಲಿನ ಅಂಕಿ ಇಳಿಯುತ್ತಿತ್ತು. ಕೆಲಸ ಮುಗಿದಂತೆ ದೇಹ ಸಡಿಲವಾಗುತ್ತಿತ್ತು. ಮಂಡಿಗೆ ಮನಸ್ಸಿನಲ್ಲೇ ತಿಂದಾಯಿತು, ಇನ್ನು ಕಣಕ ನಾದುವವರು ಯಾರು?

ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು ಕೆಎಎಸ್‌ಗೆ ಓದುವ ಹುಡುಗರಿಗೆ ಇದು ಪುಸ್ತಕದ ಮಾತಲ್ಲ. ನೋಟ್ಸ್ ಮುಂದೆ ಇರುತ್ತದೆ, ಮನಸ್ಸು ಊರಿನ ಬಸ್‌ಸ್ಟ್ಯಾಂಡಿನಲ್ಲಿ ಗೂಟದ ಕಾರಿನಿಂದ ಇಳಿಯುತ್ತಿರುತ್ತದೆ. ಕಾರಿನ ಮೇಲಿನ ಕೆಂಪು ದೀಪವನ್ನು ಸರ್ಕಾರ 2017ರ ಮೇ 1ರಿಂದ ತೆಗೆಸಿಬಿಟ್ಟಿದೆ, ಕನಸಿನೊಳಗೆ ಮಾತ್ರ ಗೂಟ ಇನ್ನೂ ಗಟ್ಟಿಯಾಗಿ ನಿಂತಿದೆ! ಎಟ್ಟಿಂಗನ್ ಇವರಿಗೆ ಕನಸು ಬಿಡಿ ಅನ್ನುವುದಿಲ್ಲ. ಕಾರಿನಿಂದ ಇಳಿಯುವ ಚಿತ್ರ ಬಂದಾಗಲೇ, ಇವತ್ತು ನನ್ನನ್ನು ಅಡ್ಡಗಟ್ಟಿರುವುದು ಏನು ಎಂದು ಅದರ ಪಕ್ಕದಲ್ಲೇ ಇಟ್ಟು ನೋಡಿ ಅನ್ನುತ್ತಾರೆ. ಪ್ರಿಲಿಮ್ಸ್‌ನಲ್ಲಿ ಗಣಿತದ ಪ್ರಶ್ನೆ ಬಿಟ್ಟು ಬರುತ್ತಿದ್ದೇನಾ? ಮಧ್ಯಾಹ್ನ ಊಟ ಆದ ಮೇಲೆ ರೂಮಿನವರ ಜೊತೆ ಹರಟೆಗೆ ಕೂರುತ್ತೇನಾ? ಆಮೇಲೆ 'ಊಟ ಆದ ತಕ್ಷಣ ರೂಮಿಗೆ ಹೋಗದೆ ಲೈಬ್ರರಿಗೆ ಹೋಗುತ್ತೇನೆ' ಎಂದು ಆ ಅಡ್ಡಿಗೆ ಸರಿಯಾಗಿ ಒಂದೇ ಒಂದು ತೀರ್ಮಾನ. ಕನಸು, ಅಡ್ಡಿ ಎರಡೂ ಒಟ್ಟಿಗೆ ಎದುರಿಗೆ ಬಂದಾಗ, ಗುರಿ ಮುಟ್ಟುವಂಥದ್ದಾದರೆ ಜನ ಎದ್ದು ಕೆಲಸಕ್ಕೆ ಇಳಿಯುತ್ತಾರೆ, ಆಗದ್ದಾದರೆ ಬೇಗ ಕೈಬಿಡುತ್ತಾರೆ. ಕೈಬಿಡುವುದೂ ಲಾಭವೇ, ಐದನೇ ಸಲ ಪರೀಕ್ಷೆ ಬರೆದವರನ್ನು ಕೇಳಿ.

ಈ ತಲೆಮಾರಿನ ಸಮಸ್ಯೆ ಜಾಸ್ತಿ ಕನಸು ಕಾಣುವುದು ಎಂದು ನನಗೆ ಅನ್ನಿಸುವುದಿಲ್ಲ. ಕನಸನ್ನು ಸಿದ್ಧ ಮಾಡಿ ಮಾರುವವರು ಜಾಸ್ತಿ ಆಗಿದ್ದಾರೆ. ಸಿಟಿ ಬಸ್ಸಿನ ಕಿಟಕಿ ಸೀಟನ್ನೇ ನೋಡಿ. ಮೊದಲು ಅಲ್ಲಿ ಕೂತವರು ಹೊರಗೆ ನೋಡುತ್ತಾ ತಮ್ಮದೇ ಮನೆ ಕಟ್ಟುತ್ತಿದ್ದರು. ಈಗ ರೀಲ್ಸ್‌ನಲ್ಲಿ ಇನ್ನೊಬ್ಬರ ಮನೆಯ ಗೃಹಪ್ರವೇಶ ನೋಡುತ್ತಾರೆ. ಅಡುಗೆಮನೆಯ ಬಣ್ಣವನ್ನೂ ಅವರೇ ಆರಿಸಿಟ್ಟಿರುತ್ತಾರೆ. ಬಿಡುವಿನ ಹೊತ್ತು ಅಷ್ಟು ಬೇಗ ಮಾರಾಟ ಆದದ್ದೇಕೆ ಎನ್ನುವುದಕ್ಕೆ ವರ್ಜೀನಿಯಾ ವಿಶ್ವವಿದ್ಯಾಲಯದ ಟಿಮತಿ ವಿಲ್ಸನ್ ತಂಡ 2014ರಲ್ಲಿ ಪ್ರಕಟಿಸಿದ ಪ್ರಯೋಗ ಒಂದು ಉತ್ತರ ಕೊಡುತ್ತದೆ. ಒಬ್ಬೊಬ್ಬರನ್ನೇ ಖಾಲಿ ಕೋಣೆಯಲ್ಲಿ 15 ನಿಮಿಷ ಕೂರಿಸಿದರು. ಫೋನಿಲ್ಲ, ಪುಸ್ತಕವಿಲ್ಲ, ಬೇಕಾದ್ದನ್ನು ಯೋಚಿಸಿಕೊಂಡು ಇರಬಹುದು. ಬೇಕೆಂದರೆ ಒತ್ತಿಕೊಳ್ಳಲು ಕರೆಂಟ್ ಶಾಕ್ ಕೊಡುವ ಒಂದು ಗುಂಡಿ ಇತ್ತು. ದುಡ್ಡು ಕೊಟ್ಟಾದರೂ ಆ ಶಾಕ್ ತಪ್ಪಿಸಿಕೊಳ್ಳುತ್ತೇವೆ ಎಂದು ಮೊದಲೇ ಹೇಳಿದ್ದವರಲ್ಲೇ, 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಗುಂಡಿ ಒತ್ತಿದರು. ಒಂದೇ ಕೋಣೆಯ ಪ್ರಯೋಗದಿಂದ ಮನುಷ್ಯ ಜಾತಿಯನ್ನೆಲ್ಲ ಅಳೆಯಬಾರದು, ಸರಿ. ಆದರೂ ಸುಮ್ನೆ ಕೂತು ಹಿತವಾದದ್ದನ್ನು ಕಲ್ಪಿಸಿಕೊಳ್ಳುವುದು ನಾವು ಅಂದುಕೊಂಡಷ್ಟು ಸಲೀಸಲ್ಲ. ಅದೂ ಒಂದು ರೂಢಿ, ತಪ್ಪಿದರೆ ತಪ್ಪಿಯೇ ಹೋಗುತ್ತದೆ.

ಮಾರಾಟದ ಇನ್ನೊಂದು ಕೊನೆಯಲ್ಲಿ ನೇರವಾಗಿ ದುಡ್ಡಿದೆ. ದುಡ್ಡು ಕಟ್ಟಿ ತಂಡ ಮಾಡುವ ಕ್ರಿಕೆಟ್ ಆ್ಯಪ್‌ಗಳ ವ್ಯಾಪಾರಕ್ಕೆ ಇದ್ದ ಹೆಸರೇ 'ಫ್ಯಾಂಟಸಿ'. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ದುಡ್ಡಿನ ಆನ್‌ಲೈನ್ ಆಟ ನಿಲ್ಲಿಸಲು ಹೋಗಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ತಳ್ಳಿಹಾಕಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಇಂಥ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾನೂನು ಮಾಡಿತು. ಲಾಟರಿಯ ಕಥೆ ಇನ್ನೂ ಹಳೆಯದು. ನಮ್ಮಲ್ಲಿ 2007ರಲ್ಲಿ ನಿಂತುಹೋಯಿತು, ಗಡಿಯಾಚೆ ಕೇರಳ ಸರ್ಕಾರ 1967ರಲ್ಲಿ ಶುರು ಮಾಡಿದ್ದನ್ನು ಇವತ್ತಿಗೂ ನಡೆಸುತ್ತಿದೆ. ಓಣಂ ಬಂಪರ್ ಟಿಕೆಟ್ 500 ರೂಪಾಯಿ, ಮೊದಲ ಬಹುಮಾನ 25 ಕೋಟಿ. 2024ರಲ್ಲಿ ಅದು ಮಂಡ್ಯ ಜಿಲ್ಲೆಗೆ ಬಂತು. ಟಿಕೆಟ್ ಕೊಂಡ ಉಳಿದ ಲಕ್ಷಾಂತರ ಜನರಿಗೆ ಏನು ಸಿಕ್ಕಿತು? ಕೊಂಡ ದಿನದಿಂದ ಡ್ರಾ ದಿನದವರೆಗೆ ಸಾಲ ತೀರಿಸಿ, ಮನೆ ಕಟ್ಟಿ, ಮಗಳ ಮದುವೆ ಮಾಡುವ ಹಕ್ಕು ಸಿಕ್ಕಿತು. ಅದಕ್ಕೆ 500 ರೂಪಾಯಿ ಜಾಸ್ತಿಯೋ ಕಡಿಮೆಯೋ ಎಂದು ಇನ್ನೊಬ್ಬರು ಹೇಳುವುದು ಕಷ್ಟ. ವರ್ಷಕ್ಕೊಂದು ಟಿಕೆಟ್ ಕೊಳ್ಳುವವನನ್ನು ನಾನಂತೂ ಬೈಯಲಾರೆ. ದಿನಾ ಕೊಳ್ಳುವವನ ಲೆಕ್ಕವೇ ಬೇರೆ.

ಇನ್ನು ನಿಜವಾಗಿ ಹುಷಾರಾಗಿರಬೇಕಾದ ಜಾಗ. 'ಹಗಲುಗನಸು' ಎಂಬ ಒಂದೇ ಚೀಟಿ ಅಂಟಿಸಿದರೆ ಅದರ ಕೆಳಗೆ ಕಾಯಿಲೆಯೂ ಮುಚ್ಚಿಹೋಗುತ್ತದೆ.

ಕೆಲವರಿಗೆ ಕನಸು ಗಂಟೆಗಟ್ಟಲೆ ನಡೆಯುತ್ತದೆ. ಪಾತ್ರಗಳಿರುತ್ತವೆ, ವರ್ಷಾನುಗಟ್ಟಲೆ ಮುಂದುವರಿಯುವ ಕಥೆ ಇರುತ್ತದೆ. ಹಾಡು ಹಾಕಿಕೊಂಡು ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಅದರಲ್ಲಿ ಮುಳುಗಿರುತ್ತಾರೆ. ನಿಲ್ಲಿಸಬೇಕು ಅನ್ನಿಸಿದರೂ ಆಗುವುದಿಲ್ಲ, ಓದು, ಕೆಲಸ, ಸಂಬಂಧ ಎಲ್ಲ ಹಿಂದೆ ಬೀಳುತ್ತವೆ. ಇಸ್ರೇಲ್‌ನ ಹೈಫಾ ವಿಶ್ವವಿದ್ಯಾಲಯದ ಎಲಿ ಸೋಮರ್ 2002ರಲ್ಲಿ, ಹಿಂದೆ ಆಘಾತ ಅನುಭವಿಸಿದ್ದ ಆರು ಮಂದಿಯಲ್ಲಿ ಇದನ್ನು ಗುರುತಿಸಿ 'ಮ್ಯಾಲಡಾಪ್ಟಿವ್ ಡೇಡ್ರೀಮಿಂಗ್', ಅಂದರೆ ಬದುಕಿಗೆ ತೊಡಕಾಗುವ ಹಗಲುಗನಸು, ಎಂದು ಕರೆದರು. ವೈದ್ಯರು ಬಳಸುವ ಕಾಯಿಲೆಗಳ ಅಧಿಕೃತ ಪಟ್ಟಿಗಳಲ್ಲಿ ಇದು ಇನ್ನೂ ಸೇರಿಲ್ಲ. ರೀಲ್ಸ್ ನೋಡಿ 'ನನಗೂ ಇದೇ' ಅಂದುಕೊಳ್ಳುವವರು ಈಗ ಜಾಸ್ತಿ. ಕನಸು ಬೇಕಾದಾಗ ನಿಲ್ಲುತ್ತದೆ, ಸಂಕಟ ಕೊಡುವುದಿಲ್ಲ ಎಂದಾದರೆ ಹೆದರುವಂಥದ್ದೇನಿಲ್ಲ. ನಿಲ್ಲುತ್ತಿಲ್ಲ, ಬದುಕು ಹಾಳಾಗುತ್ತಿದೆ ಎಂದಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಕ್ಲಾಸಿನಲ್ಲಿ ಗಲಾಟೆ ಮಾಡದೆ, ಸುಮ್ಮನೆ ಕೂತು, ಹೇಳಿದ್ದು ಅರ್ಧ ಕೇಳಿಸಿಕೊಂಡು, ಟಿಫನ್ ಬಾಕ್ಸ್ ಪೆನ್ಸಿಲ್ ಎಲ್ಲ ಮರೆತು ಬರುವ ಮಕ್ಕಳಿರುತ್ತಾರೆ. ಗಮನದ ತೊಂದರೆ, ಅಂದರೆ ಎಡಿಎಚ್‌ಡಿ, ಎಂದರೆ ಓಡಿಯಾಡುವ ಹುಡುಗರು ಎಂದೇ ಹೆಚ್ಚಿನವರ ಲೆಕ್ಕ. ಓಡದೆ ಕೂತಲ್ಲೇ ಕಳೆದುಹೋಗುವ ಬಗೆಯೂ ಇದೆ, ಅದು ಹೆಣ್ಣುಮಕ್ಕಳಲ್ಲಿ ಇದ್ದಾಗ ಗೊತ್ತಾಗದೇ ಹೋಗುವುದು ಜಾಸ್ತಿ. 'ಒಳ್ಳೆ ಹುಡುಗಿ, ಸ್ವಲ್ಪ ಕನಸು ಕಾಣ್ತಾಳೆ' ಎಂದು ವರದಿಯಲ್ಲಿ ಬರೆದು ಮುಂದಿನ ಕ್ಲಾಸಿಗೆ ಕಳಿಸುತ್ತಾರೆ.

ಇದಕ್ಕಿಂತ ಸುಲಭವಾಗಿ ಕಣ್ಣು ತಪ್ಪಿಸುವುದು ಫಿಟ್ಸ್‌ನ ಒಂದು ಬಗೆ. ಆಬ್ಸೆನ್ಸ್ ಸೀಜರ್ ಎನ್ನುತ್ತಾರೆ. ಸಾಮಾನ್ಯವಾಗಿ 4ರಿಂದ 10 ವರ್ಷದೊಳಗೆ ಶುರುವಾಗುತ್ತದೆ. ಬೀಳುವುದಿಲ್ಲ, ಕೈಕಾಲು ಸೆಟೆಯುವುದಿಲ್ಲ, ಬಾಯಲ್ಲಿ ನೊರೆ ಇಲ್ಲ. ಮಗು ಮಾತಾಡುತ್ತಿದ್ದದ್ದು ನಡುವೆಯೇ ನಿಲ್ಲುತ್ತದೆ, ಕಣ್ಣು ಒಂದೇ ಕಡೆ ನೆಡುತ್ತದೆ, ರೆಪ್ಪೆ ಸ್ವಲ್ಪ ಪಟಪಟಿಸಬಹುದು. ಹತ್ತು ಹದಿನೈದು ಸೆಕೆಂಡಿನೊಳಗೆ ಏನೂ ಆಗದ ಹಾಗೆ ಮತ್ತೆ ಶುರು. ದಿನಕ್ಕೆ ಹತ್ತಾರು ಸಲ ಆಗಬಹುದು. ಪ್ರತಿ ಸಲವೂ ಪಾಠದ ಒಂದು ಸಾಲು ತಪ್ಪಿಹೋಗುತ್ತದೆ, ಡಿಕ್ಟೇಷನ್‌ನಲ್ಲಿ ನಡುವಿನ ಪದಗಳೇ ಇರುವುದಿಲ್ಲ. ಕನಸಿಗೂ ಇದಕ್ಕೂ ಇರುವ ವ್ಯತ್ಯಾಸ ಮನೆಯವರೇ ನೋಡಬಹುದಾದದ್ದು. ಕನಸಿನಲ್ಲಿರುವ ಮಗು ಹೆಸರು ಹಿಡಿದು ಕರೆದರೆ, ಭುಜ ಮುಟ್ಟಿದರೆ ತಿರುಗುತ್ತದೆ. ಬೇಜಾರಾದಾಗ, ಸುಮ್ಮನೆ ಕೂತಾಗ ಕನಸು ಬರುತ್ತದೆ. ಫಿಟ್ಸ್ ಆಟದ ನಡುವೆ, ಊಟದ ತುತ್ತಿನ ನಡುವೆಯೂ ಬರುತ್ತದೆ, ಮುಟ್ಟಿದರೂ ನಿಲ್ಲುವುದಿಲ್ಲ. ಸಂಶಯ ಬಂದರೆ ಫೋನಿನಲ್ಲಿ ವಿಡಿಯೊ ಮಾಡಿಕೊಂಡು ಮಕ್ಕಳ ವೈದ್ಯರಿಗೆ ತೋರಿಸಿ. ಅವರು ಮಗುವಿನ ಕೈಗೆ ಗಿರಗಿಟ್ಲೆ ಕೊಟ್ಟು ಎರಡು ಮೂರು ನಿಮಿಷ ಜೋರಾಗಿ ಊದಲು ಹೇಳಬಹುದು. ಹಾಗೆ ಉಸಿರು ಏರಿಸಿದಾಗ ಎಷ್ಟೋ ಸಲ ಅವರ ಕಣ್ಣೆದುರಿಗೇ ಅದು ಬರುತ್ತದೆ, ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ) ಮಾಡಿದರೆ ಖಾತ್ರಿಯಾಗುತ್ತದೆ. ಮಾತ್ರೆಗೆ ಚೆನ್ನಾಗಿ ಬಗ್ಗುವ ತೊಂದರೆ ಇದು, ಹದಿಹರೆಯದ ಹೊತ್ತಿಗೆ ಹಲವು ಮಕ್ಕಳಲ್ಲಿ ತಾನಾಗೇ ನಿಂತುಹೋಗುತ್ತದೆ.